ಏಜಾಕ್ಸ್: ಬಿದ್ದ ವೀರನನ್ನು ಓದುವ ಬಗೆ

ಟ್ರಾಯ್ ಕೋಟೆಯ ಹೊರಗೆ ಗ್ರೀಕರ ಪಾಳೆಯ. ಬೆಳಕು ಹರಿಯುವ ಹೊತ್ತು. ಕಡಲ ದಂಡೆಯ ಕೊನೆಯ ಡೇರೆಯ ಮುಂದೆ ಒಡಿಸ್ಯೂಸ್ ನೆಲದ ಮೇಲಿನ ಹೆಜ್ಜೆಗುರುತು ನೋಡುತ್ತ ಸುಳಿದಾಡುತ್ತಿದ್ದಾನೆ. ರಾತ್ರಿ ಯಾರೋ ಸೇನೆಯ ದನ ಕುರಿಗಳನ್ನು ಕಡಿದು ಹಾಕಿದ್ದಾರೆ, ಕಾವಲಿದ್ದವರನ್ನೂ ಕೊಂದಿದ್ದಾರೆ. ಅನುಮಾನವೆಲ್ಲ ಆ ಡೇರೆಯ ಒಡೆಯ ಏಜಾಕ್ಸ್‌ನ ಮೇಲೆ. ಆಗ ದೇವತೆ ಅಥೀನಾ ಮಾತಾಡುತ್ತಾಳೆ: ಹೌದು, ಅವನೇ. ಅವನು ಕೊಲ್ಲಲು ಹೊರಟಿದ್ದು ನಿಮ್ಮನ್ನು. ಅವನ ಕಣ್ಣಿಗೆ ಮಂಕು ಕವಿಸಿ ದನಗಳ ಮೇಲೆ ತಿರುಗಿಸಿದವಳು ತಾನು. ಅಷ್ಟಕ್ಕೇ ಬಿಡದೆ ಅವಳು ಹುಚ್ಚು ಹಿಡಿದ ಏಜಾಕ್ಸ್‌ನನ್ನು ಹೊರಗೆ ಕರೆದು ತೋರಿಸುತ್ತಾಳೆ. ಒಳಗೆ ಕಂಬಕ್ಕೆ ಕಟ್ಟಿದ ಟಗರನ್ನು ಒಡಿಸ್ಯೂಸ್ ಎಂದೇ ತಿಳಿದು ಚಾವಟಿಯಿಂದ ಹೊಡೆಯುತ್ತಿರುವವನು ಹೊರಗೆ ಬಂದು ದೇವತೆಗೆ ತನ್ನ ಪ್ರತಾಪ ಹೇಳಿಕೊಳ್ಳುತ್ತಾನೆ. ಶತ್ರುವಿನ ಈ ಗತಿ ನೋಡಿ ನಗು ಎಂದು ಅಥೀನಾ ಒಡಿಸ್ಯೂಸ್‌ಗೆ ಹೇಳುತ್ತಾಳೆ.

ಒಡಿಸ್ಯೂಸ್ ನಗುವುದಿಲ್ಲ. ಅವನಿಗೆ ಮರುಕ ಹುಟ್ಟುತ್ತದೆ. ಇವನಿಗೆ ಬಂದದ್ದು ನನಗೂ ಬರಬಹುದಾದದ್ದೇ, ಬದುಕಿರುವವರೆಲ್ಲ ನೆರಳುಗಳಷ್ಟೇ ಎಂದು ಅವನಿಗೆ ಅನಿಸುತ್ತದೆ.

ಸೊಫೊಕ್ಲೀಸ್‌ನ 'ಏಜಾಕ್ಸ್' ಶುರುವಾಗುವುದು ಹೀಗೆ. ಕ್ರಿಸ್ತಪೂರ್ವ 5ನೇ ಶತಮಾನದ ಅಥೆನ್ಸ್‌ನಲ್ಲಿ ಬದುಕಿ, 120ಕ್ಕೂ ಹೆಚ್ಚು ನಾಟಕ ಬರೆದ ಈ ಕವಿಯ ಏಳು ನಾಟಕಗಳು ಮಾತ್ರ ಇಡಿಯಾಗಿ ಉಳಿದಿವೆ. ಅವುಗಳಲ್ಲಿ 'ದೊರೆ ಈಡಿಪಸ್' ಮತ್ತು 'ಆಂಟಿಗೊನೆ'ಗೆ ಸಿಕ್ಕ ಹೆಸರು ಇದಕ್ಕೆ ಸಿಕ್ಕಿಲ್ಲ. ಆದರೆ ದುರಂತ ನಾಯಕನ ಪಾತ್ರವನ್ನು ಅರ್ಥಮಾಡಿಕೊಳ್ಳುವುದು ಹೇಗೆ ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ. ಏಕೆಂದರೆ ಇಲ್ಲಿ ನಾಯಕ ಬಿದ್ದ ಮೇಲೆಯೇ ನಾಟಕ ತೆರೆದುಕೊಳ್ಳುತ್ತದೆ. ಅವನನ್ನು ಹೇಗೆ ನೋಡಬೇಕು ಎಂಬ ಜಗಳವೇ ಕೊನೆಯವರೆಗೂ ನಡೆಯುತ್ತದೆ.

ಕಥೆಯ ಹಿನ್ನೆಲೆ ಇಷ್ಟು. ಎಕಿಲೀಸ್ ಸತ್ತ ಮೇಲೆ ಅವನ ದಿವ್ಯಾಯುಧಗಳು ಯಾರಿಗೆ ಸೇರಬೇಕು ಎಂಬ ಮಾತು ಬಂತು. ಎಕಿಲೀಸ್‌ನ ನಂತರ ಗ್ರೀಕರಲ್ಲಿ ಅತಿ ದೊಡ್ಡ ವೀರ ಏಜಾಕ್ಸ್ ಎಂದು ಹೋಮರನೇ ಹೇಳಿದ್ದಾನೆ. 'ಇಲಿಯಡ್'ನಲ್ಲಿ ಗೋಪುರದಂಥ ಗುರಾಣಿ ಹಿಡಿದು ನಿಲ್ಲುವವನು, ಟ್ರಾಯ್‌ನವರು ಹಡಗುಗಳಿಗೆ ಬೆಂಕಿ ಇಡಲು ಬಂದಾಗ ಅಲ್ಲಾಡದೆ ತಡೆದವನು ಅವನು. ಆದರೂ ತೀರ್ಪುಗಾರರು ಆಯುಧಗಳನ್ನು ಒಡಿಸ್ಯೂಸ್‌ಗೆ ಕೊಟ್ಟರು. ತೀರ್ಪಿನಲ್ಲಿ ಮೋಸ ನಡೆಯಿತೆಂದು ಏಜಾಕ್ಸ್ ನಂಬಿದ. ಆ ರಾತ್ರಿಯೇ ಕತ್ತಿ ಹಿರಿದು ಸೇನಾಪತಿ ಅಗಮೆಮ್ನಾನ್, ಅವನ ತಮ್ಮ ಮೆನೆಲಾಸ್ ಮತ್ತು ಒಡಿಸ್ಯೂಸ್‌ರನ್ನು ಮುಗಿಸಲು ಹೊರಟ.

ಇಷ್ಟು ಕೇಳಿದವರು ಸಾಮಾನ್ಯವಾಗಿ ಕೊಡುವ ಉತ್ತರ ಒಂದಿದೆ: ಏಜಾಕ್ಸ್ ಅಹಂಕಾರಿ, ಅಹಂಕಾರದಿಂದ ಕೆಟ್ಟ. ತರಗತಿಯಲ್ಲಿ ದುರಂತ ನಾಟಕ ಪಾಠ ಮಾಡುವಾಗ ನಾಯಕನಿಗೊಂದು ದೋಷ ಹಚ್ಚುವ ರೂಢಿ ಬಹಳ ಹಳೆಯದು. ಒಥೆಲೊಗೆ ಮತ್ಸರ, ಮ್ಯಾಕ್‌ಬೆತ್‌ಗೆ ದುರಾಸೆ, ಹ್ಯಾಮ್ಲೆಟ್‌ಗೆ ಹಿಂಜರಿಕೆ, ಈಡಿಪಸ್‌ಗೆ ಮುಂಗೋಪ. ಈ ರೂಢಿಗೆ ಅರಿಸ್ಟಾಟಲ್‌ನ 'ಕಾವ್ಯಮೀಮಾಂಸೆ'ಯನ್ನು ಆಧಾರ ಮಾಡಿಕೊಳ್ಳುತ್ತಾರೆ. ಆದರೆ ಅರಿಸ್ಟಾಟಲ್ ಹೇಳಿದ್ದು ಬೇರೆ. ನಾಯಕ ಪೂರ್ತಿ ಒಳ್ಳೆಯವನೂ ಆಗಿರಬಾರದು, ಕೆಟ್ಟವನೂ ಆಗಿರಬಾರದು; ಅವನು ಬೀಳುವುದು ನೀಚತನದಿಂದಲ್ಲ, ಒಂದು ದೊಡ್ಡ ತಪ್ಪಿನಿಂದ ಎಂದು ಅವನು ಬರೆದ. ತಪ್ಪು ನಡೆಯುವುದು ಒಂದು ಗಳಿಗೆಯಲ್ಲಿ. ಸ್ವಭಾವದ ದೋಷ ಹುಟ್ಟಿನಿಂದ ಅಂಟಿಕೊಂಡದ್ದು. ಇವೆರಡನ್ನೂ ಒಂದೇ ಮಾಡಿದ್ದು ಮುಂದಿನವರು. 1966ರಲ್ಲಿ ಆಕ್ಸ್‌ಫರ್ಡ್‌ನ ವಿದ್ವಾಂಸ ಇ. ಆರ್. ಡಾಡ್ಸ್ 'ದೊರೆ ಈಡಿಪಸ್' ಬಗ್ಗೆ ಪ್ರಸಿದ್ಧ ಪ್ರಬಂಧವೊಂದನ್ನು ಪ್ರಕಟಿಸಿದ್ದು ಇಂಥ ಓದಿನ ಮೇಲಿನ ಸಿಟ್ಟಿನಿಂದ. ಅವನು ಕೊಟ್ಟ ಪರೀಕ್ಷೆ ಬರೆದ ಹುಡುಗರಲ್ಲಿ ಒಂದು ಗುಂಪು ಈಡಿಪಸ್ ಕೆಟ್ಟವನಾದ್ದರಿಂದ ಅನುಭವಿಸಿದ ಎಂದು ಬರೆದಿತ್ತು. ಇನ್ನೊಂದು ಗುಂಪು ಅವನು ವಿಧಿಯ ಕೈಗೊಂಬೆ ಎಂದಿತ್ತು. ಎರಡೂ ನಾಟಕದಲ್ಲಿಲ್ಲ ಎಂದು ಡಾಡ್ಸ್ ಸಾಲುಸಾಲಾಗಿ ತೋರಿಸಿದ.

ಏಜಾಕ್ಸ್‌ನ ವಿಷಯದಲ್ಲಿ ಅಹಂಕಾರದ ಆಪಾದನೆಗೆ ನಾಟಕದಲ್ಲೇ ಸಾಕ್ಷಿ ಇದೆ, ನಿಜ. ನಡುಭಾಗದಲ್ಲಿ ಬರುವ ದೂತನೊಬ್ಬ ಕಾಲಜ್ಞಾನಿ ಕ್ಯಾಲ್ಕಸ್‌ನ ಮಾತು ತರುತ್ತಾನೆ. ಯುದ್ಧಕ್ಕೆ ಹೊರಡುವಾಗ ತಂದೆ ಟೆಲಮಾನ್ ಮಗನಿಗೆ 'ಗೆಲ್ಲು, ಆದರೆ ದೇವರ ಜೊತೆಯಲ್ಲಿ ಗೆಲ್ಲು' ಎಂಬರ್ಥದ ಬುದ್ಧಿ ಹೇಳಿದ್ದ. ದೇವರು ಜೊತೆಗಿದ್ದರೆ ಕೈಲಾಗದವನೂ ಗೆಲ್ಲುತ್ತಾನೆ, ನಾನು ದೇವರಿಲ್ಲದೆಯೇ ಗೆಲ್ಲುತ್ತೇನೆ ಎಂದು ಮಗ ಉತ್ತರಿಸಿದ. ಮುಂದೆ ರಣರಂಗದಲ್ಲಿ ಸ್ವತಃ ಅಥೀನಾ ಬೆನ್ನಿಗೆ ನಿಂತಾಗ, ನೀನು ಬೇರೆಯವರ ಹತ್ತಿರ ಹೋಗು, ನಾನಿರುವ ಕಡೆ ಸಾಲು ಮುರಿಯುವುದಿಲ್ಲ ಎಂದ. ದೇವತೆಯ ಕೋಪಕ್ಕೆ ಇದೇ ಕಾರಣ.

ಆದರೆ ಸೊಫೊಕ್ಲೀಸ್ ಈ ಸಾಕ್ಷಿಯನ್ನು ಎಲ್ಲಿಟ್ಟಿದ್ದಾನೆ ನೋಡಬೇಕು. ನಾಟಕ ಅರ್ಧ ಮುಗಿದ ಮೇಲೆ, ಒಬ್ಬ ದೂತನ ಬಾಯಲ್ಲಿ, ಇನ್ನೊಬ್ಬನ ಹೇಳಿಕೆಯಾಗಿ ಅದು ಬರುತ್ತದೆ. ಅಷ್ಟು ಹೊತ್ತಿಗೆ ನಾವು ಹುಚ್ಚು ಇಳಿದು ಸತ್ತ ಕುರಿಗಳ ನಡುವೆ ಕುಳಿತ ಏಜಾಕ್ಸ್‌ನನ್ನು ನೋಡಿದ್ದೇವೆ. ಅವನ ಗೋಳು ಕೇಳಿದ್ದೇವೆ. ಕಾರಣ ಮೊದಲು ಹೇಳಿ ಶಿಕ್ಷೆ ಆಮೇಲೆ ತೋರಿಸಿದ್ದರೆ ಅದು ನೀತಿಕಥೆಯಾಗುತ್ತಿತ್ತು. ಕವಿ ಬೇಕೆಂದೇ ಅನುಕ್ರಮವನ್ನು ತಿರುಗಿಸಿದ್ದಾನೆ. ಇನ್ನೂ ಒಂದು ಮಾತು ಆ ದೂತನ ಸುದ್ದಿಯಲ್ಲಿದೆ: ಅಥೀನಾಳ ಸಿಟ್ಟು ಇವತ್ತೊಂದು ದಿನ ಮಾತ್ರ, ಇವತ್ತು ಅವನನ್ನು ಡೇರೆಯೊಳಗೆ ಇರಿಸಿಕೊಂಡರೆ ಉಳಿಯಬಹುದು. ದೇವತೆಯ ಕೋಪಕ್ಕೆ ಒಂದು ದಿನದ ಆಯುಸ್ಸು. ಹಾಗಾದರೆ ಏಜಾಕ್ಸ್‌ನ ಅಂತ್ಯಕ್ಕೆ ಅದು ಹೇಗೆ ಪೂರ್ತಿ ವಿವರಣೆಯಾದೀತು?

ಹಾಗೆಂದು ಅವನನ್ನು ಬರಿಯ ಬಲಿಪಶು ಎನ್ನುವುದೂ ತಪ್ಪು. ಹುಚ್ಚು ಬಂದದ್ದು ಅಥೀನಾಳಿಂದ; ಆದರೆ ಮಲಗಿದ್ದ ಸೇನಾನಾಯಕರನ್ನು ಕೊಲ್ಲುವ ನಿರ್ಧಾರ ಅವನದೇ, ಅದೂ ಬುದ್ಧಿ ಸ್ಥಿಮಿತದಲ್ಲಿದ್ದಾಗ. ಹುಚ್ಚು ಇಳಿದ ಮೇಲೆ ಅವನು ನೊಂದುಕೊಳ್ಳುವುದು ಕೊಲೆಗೆ ಹೊರಟದ್ದಕ್ಕಲ್ಲ, ಗುರಿ ತಪ್ಪಿದ್ದಕ್ಕೆ. ಈ ಸಂಗತಿಯನ್ನು ಮರೆಮಾಚಿ ಅವನ ಮೇಲೆ ಕನಿಕರ ತೋರಿಸುವ ವ್ಯಾಖ್ಯಾನ ಪ್ರಾಮಾಣಿಕವಲ್ಲ.

ಅವನ ಕಠೋರತೆ ಎಷ್ಟು ದೂರ ಹೋಗುತ್ತದೆ ಎಂದು ತಿಳಿಯಲು ಟೆಕ್ಮೆಸ್ಸಾಳೊಂದಿಗಿನ ದೃಶ್ಯ ಓದಬೇಕು. ಅವಳು ಏಜಾಕ್ಸ್ ಯುದ್ಧದಲ್ಲಿ ಸೆರೆಹಿಡಿದು ತಂದ ಹೆಣ್ಣು. ಈಗ ಅವನ ಮಗನ ತಾಯಿ. ನೀನು ಸತ್ತ ದಿನವೇ ನಾನು, ಈ ಮಗು ಇನ್ನೊಬ್ಬರ ಊಳಿಗಕ್ಕೆ ಬೀಳುತ್ತೇವೆ, ನನ್ನ ಊರನ್ನು ಹಾಳುಗೆಡವಿದವನು ನೀನೇ ಆದ್ದರಿಂದ ನನಗೆ ನಿನ್ನ ಹೊರತು ಇನ್ನು ಯಾರೂ ಇಲ್ಲ ಎಂದು ಬೇಡಿಕೊಳ್ಳುತ್ತಾಳೆ. 'ಇಲಿಯಡ್'ನ ಆರನೆಯ ಸರ್ಗದಲ್ಲಿ ಆಂಡ್ರೊಮಕಿ ತನ್ನ ಗಂಡ ಹೆಕ್ಟರ್‌ನ ಮುಂದೆ ಹೀಗೆಯೇ ಅಳುತ್ತಾಳೆ. ಸೊಫೊಕ್ಲೀಸ್‌ನ ಪ್ರೇಕ್ಷಕರಿಗೆ ಆ ಸರ್ಗ ಬಾಯಿಪಾಠ. ಅಲ್ಲಿ ಅಪ್ಪನ ಶಿರಸ್ತ್ರಾಣದ ಜುಟ್ಟು ನೋಡಿ ಮಗು ಹೆದರಿದಾಗ ಹೆಕ್ಟರ್ ನಕ್ಕು ಅದನ್ನು ತೆಗೆದು ಕೆಳಗಿಡುತ್ತಾನೆ. ಇಲ್ಲಿ ಏಜಾಕ್ಸ್ ರಕ್ತದ ನಡುವೆ ಕುಳಿತೇ ಮಗನನ್ನು ತರಿಸಿಕೊಳ್ಳುತ್ತಾನೆ. ನನ್ನ ಮಗನೇ ಆಗಿದ್ದರೆ ಇದಕ್ಕೆಲ್ಲ ಹೆದರಲಾರ ಎನ್ನುತ್ತಾನೆ. ಹೆಕ್ಟರ್ ಹೆಂಡತಿಯನ್ನು ಸಂತೈಸುತ್ತಾನೆ. ಏಜಾಕ್ಸ್ ಟೆಕ್ಮೆಸ್ಸಾಳ ಮಾತಿಗೆ ನೇರ ಉತ್ತರವನ್ನೂ ಕೊಡುವುದಿಲ್ಲ. ಆದರೆ ಮಗನಿಗೆ ತನ್ನ ಏಳು ಪದರ ಚರ್ಮದ ಗುರಾಣಿ ಕೊಡುತ್ತಾನೆ. ನೀನು ಅಪ್ಪನಿಗಿಂತ ಅದೃಷ್ಟವಂತನಾಗು, ಮಿಕ್ಕಿದ್ದರಲ್ಲಿ ಅಪ್ಪನ ಹಾಗೇ ಇರು ಎಂದು ಹರಸುತ್ತಾನೆ. ಪ್ರೀತಿ ಇಲ್ಲದವನ ಮಾತಲ್ಲ ಇದು. ಪ್ರೀತಿಯನ್ನು ಬಾಗಿ ತೋರಿಸಲು ಬಾರದವನ ಮಾತು.

ಇದಾದ ಮೇಲೆ ನಾಟಕದ ಅತಿ ಕಠಿಣ ಭಾಗ ಬರುತ್ತದೆ. ಸಾಯುವೆನೆಂದು ಹಟ ಹಿಡಿದು ಡೇರೆಯೊಳಗೆ ಹೋದ ಏಜಾಕ್ಸ್ ಕೈಯಲ್ಲಿ ಕತ್ತಿ ಹಿಡಿದು ಮತ್ತೆ ಹೊರಬರುತ್ತಾನೆ. ಅದು ಹಿಂದೆ ದ್ವಂದ್ವಯುದ್ಧ ಮುಗಿದಾಗ ಶತ್ರು ಹೆಕ್ಟರ್ ಮರ್ಯಾದೆಯಿಂದ ಕೊಟ್ಟ ಕತ್ತಿ. ಈಗ ಅವನ ಧ್ವನಿ ಬದಲಾಗಿದೆ. ಎಣಿಕೆಗೆ ಸಿಗದ ಕಾಲ ಎಲ್ಲವನ್ನೂ ಬೆಳಕಿಗೆ ತಂದು ಮತ್ತೆ ಮರೆಮಾಡುತ್ತದೆ, ಈ ಹೆಣ್ಣಿನ ಮಾತಿಗೆ ನನ್ನ ಮನಸ್ಸೂ ಮೆತ್ತಗಾಯಿತು ಎನ್ನುತ್ತಾನೆ. ಚಳಿಗಾಲ ಬೇಸಗೆಗೆ, ರಾತ್ರಿ ಹಗಲಿಗೆ ದಾರಿ ಬಿಡುತ್ತದೆ. ಬಿರುಗಾಳಿ ಇಳಿದು ಕಡಲು ಮಲಗುತ್ತದೆ. ನಾವೂ ಬಾಗುವುದನ್ನು ಕಲಿಯಬಾರದೇ? ಇವತ್ತಿನ ಶತ್ರು ನಾಳೆ ಗೆಳೆಯನಾದಾನು, ಇವತ್ತಿನ ಗೆಳೆಯ ಎಂದೆಂದಿಗೂ ಹಾಗೇ ಉಳಿಯಲಾರ. ಕಡಲ ದಂಡೆಗೆ ಹೋಗಿ ಮೈ ತೊಳೆದು, ಈ ಕತ್ತಿಯನ್ನು ಮಣ್ಣಿನಲ್ಲಿ ಹೂಳುತ್ತೇನೆ ಎಂದು ಹೊರಡುತ್ತಾನೆ. ಅವನ ನಾವಿಕರ ಮೇಳ ಕುಣಿದಾಡುತ್ತದೆ. ಸ್ವಲ್ಪ ಹೊತ್ತಿನಲ್ಲೇ ಅವನು ಆ ಕತ್ತಿಯ ಮೇಲೆ ಬಿದ್ದು ಸಾಯುತ್ತಾನೆ.

ಹಾಗಾದರೆ ಆ ಮಾತು ಏನು? ಸುಳ್ಳೇ? ವಿದ್ವಾಂಸರು ಈ ಬಗ್ಗೆ ಇವತ್ತಿಗೂ ಒಮ್ಮತಕ್ಕೆ ಬಂದಿಲ್ಲ. ತನ್ನನ್ನು ಒಬ್ಬನೇ ಹೋಗಲು ಬಿಡಲಿ ಎಂದು ಬೇಕೆಂದೇ ಮೋಸ ಮಾಡಿದ ಎನ್ನುವವರಿದ್ದಾರೆ. ಆದರೆ ಏಜಾಕ್ಸ್ ಹೋಮರನಿಂದಲೂ ನೇರ ಮಾತಿನವನು. ಮಾತಿನ ಜಾಣತನ ಒಡಿಸ್ಯೂಸ್‌ನ ಆಸ್ತಿ. ಸಾಯುವ ಗಳಿಗೆಯಲ್ಲಿ ಅವನು ಶತ್ರುವಿನ ವಿದ್ಯೆ ಕಲಿತನೇ? 1944ರಲ್ಲಿ ಸಿ. ಎಂ. ಬೌರಾ ಇನ್ನೊಂದು ತುದಿಗೆ ಹೋಗಿ, ಆ ಹೊತ್ತಿಗೆ ಏಜಾಕ್ಸ್‌ನ ಮನಸ್ಸು ನಿಜವಾಗಿಯೇ ತಿರುಗಿತ್ತು ಎಂದು ವಾದಿಸಿದ. 1961ರಲ್ಲಿ ಬರ್ನಾರ್ಡ್ ನಾಕ್ಸ್ ಮೂರನೆಯ ದಾರಿ ತೋರಿಸಿದ: ಅವನು ಯಾರಿಗೂ ಮಾತಾಡುತ್ತಿಲ್ಲ, ತನಗೆ ತಾನೇ ಹೇಳಿಕೊಳ್ಳುತ್ತಿದ್ದಾನೆ. ಲೋಕ ನಡೆಯುವುದೇ ಬಾಗುವಿಕೆಯಿಂದ ಎಂದು ಅವನಿಗೆ ಮೊದಲ ಬಾರಿ ಕಾಣುತ್ತದೆ. ಅಂಥ ಲೋಕದಲ್ಲಿ ತನಗೆ ಜಾಗವಿಲ್ಲ ಎಂದೂ ಅದೇ ಉಸಿರಿನಲ್ಲಿ ಕಾಣುತ್ತದೆ.

ನಾಕ್ಸ್‌ನ ಓದು ಹೆಚ್ಚು ಒಪ್ಪುವಂಥದ್ದು. ಮೋಸದ ಮಾತಿಗೆ ಇಷ್ಟು ಆಳವಾದ ಕವಿತೆ ಬೇಕಿರಲಿಲ್ಲ. ಎರಡು ಸಾಲು ಸಾಕಿತ್ತು. ಮನಸ್ಸು ನಿಜಕ್ಕೂ ಬದಲಾಗಿದ್ದರೆ ಮುಂದಿನ ಸಾವಿಗೆ ನಾಟಕ ಬೇರೆ ಕಾರಣ ಕೊಡಬೇಕಿತ್ತು, ಅದು ಕೊಡುವುದಿಲ್ಲ. ಈ ಭಾಷಣವನ್ನು ಹೀಗೆ ಓದಿದರೆ ಏಜಾಕ್ಸ್‌ನ ಇಡೀ ಪಾತ್ರವೇ ಬೇರೆಯಾಗಿ ಕಾಣುತ್ತದೆ. ಅವನು ತಿಳಿವಳಿಕೆ ಇಲ್ಲದ ಮೊಂಡನಲ್ಲ. ಬಾಗಿದರೆ ಬದುಕಬಹುದು ಎಂದು ಎಲ್ಲರಿಗಿಂತ ಸೊಗಸಾಗಿ ಹೇಳಬಲ್ಲವನು, ಆದರೆ ಬಾಗಲಾರದವನು. ಹಡಗುಗಳ ಮುಂದೆ ಬೆಂಕಿಯನ್ನು ತಡೆದು ನಿಲ್ಲಿಸಿದ ಗುಣ ಇದೇ ತಾನೆ? ಅಂದು ಸೇನೆಯನ್ನು ಉಳಿಸಿದ ಹಟವೇ ಇಂದು ಅವನನ್ನು ಬದುಕಗೊಡುತ್ತಿಲ್ಲ. ಗುಣವನ್ನು ಒಂದು ಕಡೆ, ದೋಷವನ್ನು ಇನ್ನೊಂದು ಕಡೆ ಬೇರ್ಪಡಿಸಿ ಪಟ್ಟಿ ಮಾಡಲು ಹೊರಟರೆ ಈ ಮನುಷ್ಯ ಕೈಗೆ ಸಿಗುವುದಿಲ್ಲ.

ನಾಯಕ ಸತ್ತ ಮೇಲೂ ನಾಟಕ ಮುಗಿಯುವುದಿಲ್ಲ. 1,420 ಸಾಲುಗಳ ನಾಟಕದಲ್ಲಿ ಏಜಾಕ್ಸ್‌ನ ಕೊನೆಯ ಮಾತು ಬರುವುದು 865ನೇ ಸಾಲಿಗೆ. ಉಳಿದ ಮೂರನೇ ಒಂದು ಪಾಲಿಗಿಂತ ಹೆಚ್ಚಿನ ಭಾಗ ಹೆಣದ ಸುತ್ತ ನಡೆಯುವ ಜಗಳ. ಇಲ್ಲಿ ನಾಟಕ ಎರಡಾಗಿ ಸೀಳಿತು, ಕವಿ ಸುಮ್ಮನೆ ಎಳೆದ ಎಂದು ಪ್ರಾಚೀನ ಟೀಕಾಕಾರರೇ ಗೊಣಗಿದ್ದಾರೆ. ಆದರೆ ಬಿದ್ದವನ ಪಾತ್ರವಿಮರ್ಶೆ ರಂಗದ ಮೇಲೆಯೇ ನಡೆಯುವುದು ಈ ಭಾಗದಲ್ಲಿ. ಮೆನೆಲಾಸ್ ಬಂದು ಇವನು ದ್ರೋಹಿ, ಹೆಣವನ್ನು ಹಕ್ಕಿಗಳಿಗೆ ಬಿಡಿ ಎನ್ನುತ್ತಾನೆ; ಹೆದರಿಕೆ ಇಲ್ಲದಿದ್ದರೆ ಊರೂ ಉಳಿಯದು, ಸೇನೆಯೂ ಉಳಿಯದು ಎಂಬುದು ಅವನ ವಾದ. ಅಗಮೆಮ್ನಾನ್ ತೀರ್ಪು ಒಪ್ಪದವನಿಗೆ ಮರ್ಯಾದೆ ಕೊಟ್ಟರೆ ಕಾನೂನು ನಿಲ್ಲುವುದು ಹೇಗೆ ಎಂದು ಕೇಳುತ್ತಾನೆ. ಅವರ ವಾದ ಪೂರ್ತಿ ಸುಳ್ಳಲ್ಲ, ಅದನ್ನು ಒಪ್ಪಿಕೊಳ್ಳಬೇಕು. ಸೇನಾನಾಯಕರನ್ನು ರಾತ್ರಿ ಕೊಲ್ಲಲು ಬಂದವನನ್ನು ಯಾವ ಸೇನೆ ಕ್ಷಮಿಸೀತು? ಎದುರಿಗೆ ಮಲತಮ್ಮ ಟ್ಯೂಸರ್ ನಿಂತು ಅಣ್ಣನ ಉಪಕಾರಗಳನ್ನು ಒಂದೊಂದಾಗಿ ನೆನಪಿಸುತ್ತಾನೆ. ಟ್ಯೂಸರನ ತಾಯಿ ಸೆರೆಯಾಳಾಗಿದ್ದಳೆಂದು ಅಗಮೆಮ್ನಾನ್ ಹೀಯಾಳಿಸುತ್ತಾನೆ. ಮಾತು ಬೈಗುಳಕ್ಕೆ ಇಳಿಯುತ್ತದೆ.

ಆಗ ಬರುವವನು ಒಡಿಸ್ಯೂಸ್. ಎಲ್ಲರಿಗಿಂತ ಹೆಚ್ಚು ದ್ವೇಷಿಸಲು ಕಾರಣವಿದ್ದವನು, ಏಜಾಕ್ಸ್‌ನ ಕತ್ತಿಗೆ ಗುರಿಯಾಗಿದ್ದವನು. ಹೌದು, ಇವನು ನನ್ನ ಶತ್ರು, ಆದರೆ ಎಕಿಲೀಸ್‌ನ ಹೊರತು ಟ್ರಾಯ್‌ಗೆ ಬಂದವರಲ್ಲಿ ಇವನಷ್ಟು ದೊಡ್ಡ ವೀರ ಇನ್ನೊಬ್ಬನಿಲ್ಲ. ಇವನಿಗೆ ಮಣ್ಣು ಕೊಡದಿದ್ದರೆ ಕೆಡುವುದು ದೇವರ ನಿಯಮ ಎಂದು ಅಗಮೆಮ್ನಾನ್‌ನನ್ನು ಒಪ್ಪಿಸುತ್ತಾನೆ. ನನಗೂ ಒಂದು ದಿನ ಇದೇ ಬೇಕಾಗುತ್ತದೆ ಎಂದೂ ಹೇಳುತ್ತಾನೆ. ಗಮನಿಸಬೇಕಾದದ್ದು ಇದನ್ನೇ. ಶತ್ರು ಗೆಳೆಯನಾಗಬಲ್ಲ ಎಂದು ಏಜಾಕ್ಸ್ ಕಂಡುಕೊಂಡ, ಆದರೆ ಹಾಗೆ ಬದುಕಲಾರದೆ ಹೋದ. ಅದನ್ನು ಒಡಿಸ್ಯೂಸ್ ಮಾಡಿ ತೋರಿಸುತ್ತಾನೆ. ಮೊದಲ ದೃಶ್ಯದಲ್ಲಿ ನಗಲು ಒಪ್ಪದವನೇ ಕೊನೆಯಲ್ಲಿ ಸಂಸ್ಕಾರಕ್ಕೆ ದಾರಿ ಮಾಡುತ್ತಾನೆ. ಅಷ್ಟಾದರೂ ಹೆಣ ಮುಟ್ಟುವುದು ಬೇಡ, ಸತ್ತವನಿಗೆ ಅದು ಹಿಡಿಸಲಿಕ್ಕಿಲ್ಲ ಎಂದು ಟ್ಯೂಸರ್ ವಿನಯದಿಂದ ತಡೆಯುತ್ತಾನೆ. ಒಡಿಸ್ಯೂಸ್ ಒಪ್ಪಿ ಹಿಂದೆ ಸರಿಯುತ್ತಾನೆ. ಏಜಾಕ್ಸ್ ಸತ್ತ ಮೇಲೂ ಬಾಗುವುದಿಲ್ಲ ಎಂಬುದನ್ನು ಸೊಫೊಕ್ಲೀಸ್ ಬಿಟ್ಟುಕೊಟ್ಟಿಲ್ಲ. 'ಒಡಿಸ್ಸಿ'ಯ ಹನ್ನೊಂದನೆಯ ಸರ್ಗದಲ್ಲಿ ಪಾತಾಳಲೋಕದಲ್ಲಿ ಒಡಿಸ್ಯೂಸ್ ಮಾತಾಡಿಸಿದಾಗ ಏಜಾಕ್ಸ್ ಒಂದು ಮಾತೂ ಆಡದೆ ಹೊರಟುಹೋಗುವುದು ಕವಿಗೆ ಗೊತ್ತಿತ್ತು.

ಅಥೆನ್ಸ್‌ನ ಪ್ರೇಕ್ಷಕರು ಇದನ್ನು ಹೇಗೆ ನೋಡಿರಬಹುದು? ಅವರಿಗೆ ಏಜಾಕ್ಸ್ ಬರಿಯ ಕಥೆಯ ಪಾತ್ರವಾಗಿರಲಿಲ್ಲ. ನಗರದ ಹತ್ತು ಗಣಗಳಲ್ಲಿ ಒಂದಕ್ಕೆ ಅವನ ಹೆಸರಿತ್ತು. ಕ್ರಿ.ಪೂ. 480ರಲ್ಲಿ ಪರ್ಷಿಯನ್ನರ ವಿರುದ್ಧ ಸಲಾಮಿಸ್ ಸಮುದ್ರಯುದ್ಧ ನಡೆಯುವ ಮುನ್ನ ಗ್ರೀಕರು ಏಜಾಕ್ಸ್ ಮತ್ತು ಟೆಲಮಾನ್‌ರನ್ನು ನೆರವಿಗೆ ಕರೆದರೆಂದು ಹೆರೊಡೊಟಸ್ ಬರೆದಿದ್ದಾನೆ. ಪೂಜೆಗೊಳ್ಳುವ ವೀರನನ್ನು ರಂಗದ ಮೇಲೆ ಕುರಿಗಳ ರಕ್ತದಲ್ಲಿ ಕೂರಿಸಿ, ಆ ಅವಮಾನದಾಚೆಗೂ ಅವನು ಪೂಜೆಗೆ ಯೋಗ್ಯ ಎಂದು ಒಪ್ಪಿಸುವ ಕೆಲಸಕ್ಕೆ ಸೊಫೊಕ್ಲೀಸ್ ಕೈಹಾಕಿದ್ದ. ಸ್ವತಃ ಅವನೂ ಕ್ರಿ.ಪೂ. 441-40ರಲ್ಲಿ ಅಥೆನ್ಸ್‌ನ ಸೇನಾನಿಗಳಲ್ಲಿ ಒಬ್ಬನಾಗಿದ್ದ. ಸಿಪಾಯಿಗಳ ಸಿಟ್ಟು, ಮಾನ, ಬಳಲಿಕೆ ಅವನಿಗೆ ಪುಸ್ತಕದ ಸಂಗತಿಗಳಲ್ಲ.

ಈ ಕಾರಣಕ್ಕೇ ಇರಬೇಕು, ನಮ್ಮ ಕಾಲದಲ್ಲಿ ಈ ನಾಟಕವನ್ನು ಹೊಸದಾಗಿ ಕಂಡುಕೊಂಡವರು ಸೈನಿಕರು. ಅಮೆರಿಕದ ಬ್ರಯನ್ ಡೋರಿಸ್ 2008ರಲ್ಲಿ ಸ್ಯಾನ್ ಡಿಯಾಗೊದಲ್ಲಿ ಸುಮಾರು 400 ಮಂದಿ ಮರೀನ್ ಪಡೆಯ ಯೋಧರು ಮತ್ತು ಅವರ ಮನೆಯವರ ಮುಂದೆ ಸೊಫೊಕ್ಲೀಸ್‌ನ ದೃಶ್ಯಗಳನ್ನು ಓದಿಸಿದ. 'ಥಿಯೇಟರ್ ಆಫ್ ವಾರ್' ಎಂಬ ಆ ಕಾರ್ಯಕ್ರಮ ಮುಂದೆ ಅನೇಕ ಸೇನಾನೆಲೆಗಳಿಗೆ ಹೋಯಿತು. ಓದು ಮುಗಿದ ಮೇಲೆ ನಡೆಯುವ ಚರ್ಚೆಯಲ್ಲಿ ಇರಾಕ್, ಅಫ್ಘಾನಿಸ್ತಾನಗಳಿಂದ ಮರಳಿದವರು ಏಜಾಕ್ಸ್‌ನಲ್ಲಿ ತಮ್ಮನ್ನು, ಅವರ ಹೆಂಡತಿಯರು ಟೆಕ್ಮೆಸ್ಸಾಳಲ್ಲಿ ತಮ್ಮನ್ನು ಗುರುತಿಸಿದರು. ಇದು ದೊಡ್ಡ ಕೆಲಸ. ಆದರೂ ಏಜಾಕ್ಸ್‌ನನ್ನು ಬರಿಯ ರೋಗಿಯಾಗಿ ಕಂಡರೆ ದಂಡೆಗೆ ಹೊರಡುವ ಮುಂಚಿನ ಆ ಭಾಷಣ ಮತ್ತೆ ಕೈತಪ್ಪುತ್ತದೆ. ಅಲ್ಲಿ ಮಾತಾಡುವವನ ಬುದ್ಧಿ ಎಲ್ಲರಿಗಿಂತ ತಿಳಿಯಾಗಿದೆ.

ಕನ್ನಡಕ್ಕೂ ಏಜಾಕ್ಸ್ ಬಂದು ಬಹಳ ಕಾಲವಾಯಿತು, ಬೇರೆ ಹೆಸರಿನಲ್ಲಿ. ಬಿ. ಎಂ. ಶ್ರೀಕಂಠಯ್ಯನವರು 1929ರಲ್ಲಿ ಪ್ರಕಟಿಸಿದ 'ಅಶ್ವತ್ಥಾಮನ್' ಇದೇ ನಾಟಕದ ರೂಪಾಂತರ. ಮಹಾಭಾರತದಲ್ಲಿ ಆಹತನಾದ ವೀರನನ್ನು ಹುಡುಕುತ್ತ ಅವರು ಅಶ್ವತ್ಥಾಮನ ಬಳಿ ನಿಂತದ್ದು ಸೂಕ್ಷ್ಮ ಓದುಗನ ಆಯ್ಕೆ. ಅವನೂ ರಾತ್ರಿ ಕತ್ತಿ ಹಿಡಿದು ಶಿಬಿರಕ್ಕೆ ನುಗ್ಗಿದವನು. ಆದರೆ ಏಜಾಕ್ಸ್‌ನ ಕೈಗೆ ಸಿಕ್ಕಿದ್ದು ದನ ಕುರಿ. ವ್ಯಾಸಭಾರತದ ಅಶ್ವತ್ಥಾಮನ ಕೈಗೆ ಸಿಕ್ಕಿದ್ದು ಮಲಗಿದ್ದ ಪಾಂಡವರ ಮಕ್ಕಳು. ಅಂಥವನಿಗೆ ಮರುಕ ತೋರಿಸುವುದು ಇನ್ನೂ ಕಷ್ಟ. ವ್ಯಾಸರಲ್ಲಿ ಅವನಿಗೆ ಸಾವಿಲ್ಲ. ಹಣೆಯ ಮಣಿ ಕಳೆದುಕೊಂಡು, ಕೃಷ್ಣನ ಶಾಪ ಹೊತ್ತು ಮೂರು ಸಾವಿರ ವರ್ಷ ಅಲೆಯಬೇಕು. ಬಿಎಂಶ್ರೀ ಆ ಚಿರಂಜೀವಿಯನ್ನು ಏಜಾಕ್ಸ್‌ನಂತೆ ತನ್ನ ಕೈಯಾರೆ ಸಾಯುವಂತೆ ಮಾಡಿದರು. ಪುರಾಣ ತಿಳಿದವರಿಗೆ ಇದು ನುಂಗಲಾರದ ಬದಲಾವಣೆ. ಆದರೆ ರುದ್ರನಾಟಕದ ನಾಯಕ ತನ್ನ ಅಂತ್ಯವನ್ನು ತಾನೇ ಬರೆದುಕೊಳ್ಳಬೇಕು ಎಂಬುದನ್ನು ಅವರು ಸೊಫೊಕ್ಲೀಸ್‌ನಿಂದ ಕಲಿತಿದ್ದರು. ಶಾಪ ಹೊರಗಿನಿಂದ ಬರುವಂಥದ್ದು. ಸಾವಿನ ನಿರ್ಧಾರ ಒಳಗಿನದು. ಮೂರು ವರ್ಷ ಮೊದಲು, 1926ರಲ್ಲಿ, ರನ್ನನ ಕಾವ್ಯದಿಂದ 'ಗದಾಯುದ್ಧ ನಾಟಕಂ' ಕಟ್ಟಿದಾಗಲೂ ದುರ್ಯೋಧನನನ್ನು ಅವರು ಇದೇ ಕಣ್ಣಿನಿಂದ ನೋಡಿದ್ದರು.

'ಅಶ್ವತ್ಥಾಮನ್' ಹಳಗನ್ನಡದ ಭಾಷೆಯಲ್ಲಿರುವುದರಿಂದ ಇಂದಿನ ಓದುಗರು ಅದರಿಂದ ದೂರ ಉಳಿದಿದ್ದಾರೆ. ಹವ್ಯಾಸಿ ತಂಡಗಳೂ ಕಾಲೇಜು ರಂಗಗಳೂ 'ದೊರೆ ಈಡಿಪಸ್'ಗೆ ಕೊಡುವ ಗಮನದಲ್ಲಿ ಸ್ವಲ್ಪವನ್ನಾದರೂ ಏಜಾಕ್ಸ್‌ಗೂ ಅಶ್ವತ್ಥಾಮನಿಗೂ ಕೊಡಬೇಕು. ಆಡುವಾಗ ನಾಯಕನ ಸಾವಿನ ಮುಂದಿನ ಭಾಗವನ್ನು ಉದ್ದವಾಯಿತೆಂದು ಕತ್ತರಿಸದಿರಲಿ. ತರಗತಿಯಲ್ಲಿ ಪಾಠ ಮಾಡುವ ಮೇಷ್ಟ್ರುಗಳು ಏಜಾಕ್ಸ್‌ನ ದೋಷ ಯಾವುದು ಎಂದು ಕೇಳುವ ಬದಲು, ಒಡಿಸ್ಯೂಸ್ ಯಾಕೆ ನಗಲಿಲ್ಲ ಎಂದು ಹುಡುಗರನ್ನು ಕೇಳಲಿ.